ಬೇರೆ ದೇಶದ ಹೊಗೆಯ ಲೆಕ್ಕಕ್ಕೆ ಕೂತ ತಮ್ಮನಿಗೆ

ತಮ್ಮಾ, ಅಕ್ಕ ಎಂದು ಕರೆದು ಬರೆದಿದ್ದೀಯ. ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು. ಊರು ಬಿಟ್ಟು ಬಂದು ದೇಶ ವರ್ಷಕ್ಕೆ ಎಷ್ಟು ಹಸಿರುಮನೆ ಅನಿಲ ಬಿಡುತ್ತದೆ ಅಂತ ಲೆಕ್ಕ ಇಡುವ ರಾಷ್ಟ್ರೀಯ ಇನ್ವೆಂಟರಿ ತಂಡ ಸೇರಿದ್ದೀಯ. ಬಂದ ಕೂಡಲೇ ಅನಿಶ್ಚಿತತೆಯ ಲೆಕ್ಕ, ಅಂದರೆ ಆ ಅಂಕಿಗಳು ಎಷ್ಟು ಆಚೀಚೆ ಆಗಬಹುದು ಎಂಬ ಲೆಕ್ಕ, ಕೈಗೆ ಕೊಟ್ಟಿದ್ದಾರೆ. ಭಾಷೆ ಪೂರ್ತಿ ಬರಲ್ಲ. ಸುತ್ತ ಇರುವವರೆಲ್ಲ ಇದೇ ಕೆಲಸದಲ್ಲಿ ತಲೆ ನರೆಸಿಕೊಂಡವರು. ಅವರ ಮುಂದೆ ನಿಂತು, ನಿಮ್ಮ ಅಂಕಿಯನ್ನು ಎಷ್ಟು ನಂಬಬಹುದು ಅಂತ ಹೇಗೆ ಕೇಳೋದು, ಇಲ್ಲಿ ಬದುಕು ಹೇಗಿರುತ್ತೆ ಎಂಬುದು ನಿನ್ನ ಚಿಂತೆ.

ಮನೆ, ಬ್ಯಾಂಕು, ವಿಮೆ, ವೀಸಾ ಕಾಗದಗಳ ಬಗ್ಗೆ ನಾನು ಜಾಸ್ತಿ ಬರೆಯಲ್ಲ. ಅವು ಮೊದಲ ವರ್ಷ ಕಾಡುತ್ತವೆ, ಆಮೇಲೆ ದಾರಿಗೆ ಬರುತ್ತವೆ. ಕೆಲಸದ ಜಾಗದಲ್ಲಿ ಕಾಲೂರಿದರೆ ಉಳಿದದ್ದನ್ನು ಹೇಗೋ ನಿಭಾಯಿಸಬಹುದು. ಹಾಗಾಗಿ ಕೆಲಸದ ಮಾತೇ ಆಡುತ್ತೇನೆ.

ಇಲ್ಲಿ ನಿನ್ನ ವರ್ಷ ಏಪ್ರಿಲ್ 15ರ ಸುತ್ತ ತಿರುಗುತ್ತದೆ. ಹಳೆಯ ಕೈಗಾರಿಕಾ ದೇಶಗಳು ಪ್ರತಿ ವರ್ಷ ಆ ದಿನದೊಳಗೆ ತಮ್ಮ ಇನ್ವೆಂಟರಿಯನ್ನು ವಿಶ್ವಸಂಸ್ಥೆಗೆ ಕೊಡಬೇಕು. ವರ್ಷದ ಮೊದಲ ಮೂರು ತಿಂಗಳು ಎಲ್ಲರೂ ಅವಸರದಲ್ಲಿರುತ್ತಾರೆ, ಮಾತು ಚುಟುಕಾಗುತ್ತದೆ. ನನ್ನನ್ನು ಕಂಡರೆ ಇವರಿಗೆ ಆಗಲ್ಲವೇನೋ ಅಂತ ಹೊಸಬರಿಗೆ ಅನ್ನಿಸುವುದು ಆಗಲೇ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಕೆಲಸವಂತೂ ಎಲ್ಲರ ಅಂಕಿ ಬಂದ ಮೇಲೇ ಮುಗಿಯುವುದು, ಅಂದರೆ ಸಮಯ ಎಲ್ಲರಿಗಿಂತ ಕಡಿಮೆ ಸಿಗುವುದು ನಿನಗೇ. ತಜ್ಞರ ಹತ್ತಿರ ಕೂತು ಕೇಳುವ ಕೆಲಸವನ್ನು ಜೂನ್‌ನಿಂದ ಅಕ್ಟೋಬರ್ ಒಳಗೆ ಮುಗಿಸಿಕೋ.

ಈಗ ಲೆಕ್ಕಕ್ಕೆ ಬರೋಣ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯ ಮೊದಲ ಸಂಪುಟದ ಮೂರನೇ ಅಧ್ಯಾಯ ನಿನ್ನ ಮೇಜಿನ ಮೇಲೇ ಇರಲಿ. 2019ರಲ್ಲಿ ಬಂದ ಪರಿಷ್ಕರಣೆಯನ್ನೂ ಪಕ್ಕದಲ್ಲಿ ಇಟ್ಟುಕೋ. ಕೆಲಸದ ಬುನಾದಿ ಸರಳ. ಎಷ್ಟು ಇಂಧನ ಉರಿಸಿದರು, ಎಷ್ಟು ದನಗಳಿವೆ, ಎಷ್ಟು ಗೊಬ್ಬರ ಹಾಕಿದರು ಎಂಬುದು ಆಕ್ಟಿವಿಟಿ ಡೇಟಾ. ಅದರ ಒಂದೊಂದು ಘಟಕದಿಂದ ಎಷ್ಟು ಅನಿಲ ಹೊರಬರುತ್ತದೆ ಎಂಬುದು ಎಮಿಷನ್ ಫ್ಯಾಕ್ಟರ್. ಎರಡನ್ನೂ ಗುಣಿಸಿದರೆ ಹೊರಸೂಸುವಿಕೆ. ಎರಡಕ್ಕೂ ಶೇ. 95ರ ವಿಶ್ವಾಸದ ಒಂದು ವ್ಯಾಪ್ತಿ, ಅಂದರೆ ನಿಜವಾದ ಅಂಕಿ ಇದರೊಳಗೆ ಇದೆ ಅಂತ ಶೇ. 95ರಷ್ಟು ನಂಬಿಕೆಯಿಂದ ಹೇಳಬಹುದಾದ ಕೆಳಗಿನ ಮತ್ತು ಮೇಲಿನ ಮಿತಿ, ಕೊಡಬೇಕು.

ಗುಣಿಸುವಾಗ ಒಂದೊಂದು ಅನಿಶ್ಚಿತತೆಯನ್ನೂ ಅದರಿಂದಲೇ ಗುಣಿಸಿ (ವರ್ಗ ಮಾಡಿ), ಕೂಡಿ, ವರ್ಗಮೂಲ ತೆಗೆಯುತ್ತೇವೆ. ದನಗಳ ಎಣಿಕೆಯಲ್ಲಿ ಶೇ. 5, ಒಂದು ದನ ಬಿಡುವ ಮೀಥೇನ್‌ನಲ್ಲಿ ಶೇ. 30 ಅನಿಶ್ಚಿತತೆ ಇದೆ ಅಂದುಕೋ. ಒಟ್ಟು ಶೇ. 30.4 ಬರುತ್ತದೆ. ಕಷ್ಟಪಟ್ಟು, ಹಣ ಸುರಿದು ಎಣಿಕೆಯನ್ನು ಶೇ. 2ಕ್ಕೆ ಇಳಿಸಿದರೂ ಒಟ್ಟು ಶೇ. 30.1ಕ್ಕೆ ಬಂದು ನಿಲ್ಲುತ್ತದೆ. ಇಷ್ಟನ್ನು ನೀನು ಕಾಗದದ ಮೇಲೆ ತೋರಿಸಿದರೆ ಮುಂದಿನ ವರ್ಷದ ಹಣ ಎಣಿಕೆಗೆ ಹೋಗಬೇಕೋ ಮೀಥೇನ್ ಅಳತೆಗೆ ಹೋಗಬೇಕೋ ಎಂಬ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಅನಿಶ್ಚಿತತೆಯ ಲೆಕ್ಕ ಇರುವುದು ಇದಕ್ಕೇ. ವರದಿಯ ಕೊನೆಗೆ ಒಂದು ಕೋಷ್ಟಕ ಅಂಟಿಸಲಿಕ್ಕೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ.

ಇಡೀ ದೇಶದ ಮೊತ್ತಕ್ಕೆ ಬಂದಾಗ ಇದು ಇನ್ನೂ ಎದ್ದು ಕಾಣುತ್ತದೆ. ನೈಸರ್ಗಿಕ ಅನಿಲ ಉರಿಸಿದಾಗ ಬರುವ ಇಂಗಾಲದ ಡೈಆಕ್ಸೈಡ್‌ಗೆ ಮಾರ್ಗಸೂಚಿ ಕೊಡುವ ಅಂಕಿ ಒಂದು ಟೆರಾಜೂಲ್ (ಶಕ್ತಿಯ ಅಳತೆ) ಇಂಧನಕ್ಕೆ 56,100 ಕಿಲೋ. ವ್ಯಾಪ್ತಿ 54,300ರಿಂದ 58,300. ಇಂಧನದಲ್ಲಿರುವ ಇಂಗಾಲ ಎಲ್ಲಿಗೂ ಓಡಿಹೋಗಲ್ಲ, ಅದಕ್ಕೇ ವ್ಯಾಪ್ತಿ ಇಷ್ಟು ಕಿರಿದು. ಹೊಲದ ಮಣ್ಣಿನ ಕಥೆ ಬೇರೆ. ಹಾಕಿದ 100 ಕಿಲೋ ಸಾರಜನಕದಲ್ಲಿ 1 ಕಿಲೋ ನೈಟ್ರಸ್ ಆಕ್ಸೈಡ್ ರೂಪದಲ್ಲಿ ಗಾಳಿಗೆ ಸೇರುತ್ತದೆ ಎಂಬುದು 2006ರ ಅಂಕಿ. ವ್ಯಾಪ್ತಿ 300 ಗ್ರಾಂನಿಂದ 3 ಕಿಲೋವರೆಗೆ! ಮಣ್ಣಿನ ತೇವ, ಬಿಸಿ, ಸೂಕ್ಷ್ಮಜೀವಿಗಳು ಎಲ್ಲ ಸೇರಿ ಇದನ್ನು ತೀರ್ಮಾನಿಸುತ್ತವೆ. ಒಂದೇ ಹೊಲದಲ್ಲಿ ನಾಲ್ಕು ಹೆಜ್ಜೆ ಆಚೆಗೆ ಅಳೆದರೂ ಬೇರೆ ಅಂಕಿ ಬರಬಹುದು. 2019ರ ಪರಿಷ್ಕರಣೆ ಒದ್ದೆ ಮತ್ತು ಒಣ ಹವಾಮಾನಕ್ಕೆ ಬೇರೆ ಬೇರೆ ಅಂಕಿ ಕೊಟ್ಟಿತು. ಆದರೂ ಅನಿಶ್ಚಿತತೆ ದೊಡ್ಡದಾಗಿಯೇ ಉಳಿದಿದೆ.

ಉದಾಹರಣೆಗೆ ಒಂದು ಕಲ್ಪಿತ ದೇಶ ತಗೋ. ಇಂಧನದಿಂದ 800 ಘಟಕ, ಅನಿಶ್ಚಿತತೆ ಶೇ. 3. ಮಣ್ಣಿನಿಂದ 40 ಘಟಕ, ಅನಿಶ್ಚಿತತೆ ಶೇ. 200. ಒಟ್ಟಿನಲ್ಲಿ ಮಣ್ಣಿನ ಪಾಲು ಶೇ. 5ರಷ್ಟೂ ಇಲ್ಲ. ಆದರೂ ಇಂಧನದ ಅನಿಶ್ಚಿತತೆ 24 ಘಟಕ, ಮಣ್ಣಿನದು 80 ಘಟಕ; ಅವನ್ನು ಅದೇ ರೀತಿ ವರ್ಗ ಮಾಡಿ ಕೂಡಿದರೆ ದೇಶದ ಮೊತ್ತದ ಅನಿಶ್ಚಿತತೆ ಶೇ. 10ರ ಹತ್ತಿರ ಹೋಗುತ್ತದೆ. ಇಂಧನದ ಶೇ. 3ನ್ನು ಅರ್ಧಕ್ಕೆ ಇಳಿಸಿದರೂ ಅದು ಶೇ. 9.6ರ ಕೆಳಗೆ ಇಳಿಯಲ್ಲ. ನಿನ್ನ ದೇಶದ ಫೈಲಿನಲ್ಲೂ ಇಂಥ ಒಂದು ಸಾಲು ಇದ್ದೇ ಇರುತ್ತದೆ. ಮೊದಲ ವಾರವೇ ಅದನ್ನು ಹುಡುಕು.

ಇಷ್ಟು ದೊಡ್ಡ ವ್ಯಾಪ್ತಿ ಬಂದಾಗ ಸರಳ ಸೂತ್ರ ಕೈಕೊಡುತ್ತದೆ. ಶೇ. 200 ಅನಿಶ್ಚಿತತೆಯನ್ನು ಎರಡೂ ಕಡೆ ಸಮನಾಗಿ ಹರಡಿದರೆ ಹೊರಸೂಸುವಿಕೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹೊಲದಿಂದ ಹಾಗೆ ಅನಿಲ ಬರಲ್ಲ, ಅಲ್ವಾ? ಅಂಥ ಕಡೆ ಸೊನ್ನೆಗಿಂತ ಕೆಳಗೆ ಹೋಗದ, ಒಂದು ಪಕ್ಕಕ್ಕೆ ಬಾಲ ಚಾಚಿದ ಲಾಗ್‌ನಾರ್ಮಲ್ ಹಂಚಿಕೆ ಬಳಸಿ ಮಾಂಟೆ ಕಾರ್ಲೊ ನಡೆಸಬೇಕು. ಮಾರ್ಗಸೂಚಿಯ ಎರಡನೇ ವಿಧಾನ ಅದೇ. ಕಂಪ್ಯೂಟರ್ ಸಾವಿರಾರು ಸಲ ಅಂಕಿಗಳನ್ನು ಆರಿಸಿ ಮೊತ್ತ ಹಾಕುತ್ತದೆ, ನೀನು 2.5 ಮತ್ತು 97.5ನೇ ಶೇಕಡಾಂಕ ಓದಿಕೊಳ್ಳುತ್ತೀಯ, ಬಂದ ಮೊತ್ತಗಳಲ್ಲಿ ಶೇ. 95 ಇವೆರಡರ ನಡುವೆ ಇರುತ್ತವೆ.

ಆದರೆ ಮಾಂಟೆ ಕಾರ್ಲೊ ಓಡಿಸಿದೆ ಅಂದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ. ಹೆಚ್ಚಿನವರು ಎಡವುವ ಜಾಗವೊಂದಿದೆ. ಹೊರಸೂಸುವಿಕೆಯ ಒಂದು ಮೂಲವನ್ನು ಹತ್ತು ಸಮ ಸಾಲುಗಳಾಗಿ ಒಡೆದು, ಎಲ್ಲಕ್ಕೂ ಅದೇ ಎಮಿಷನ್ ಫ್ಯಾಕ್ಟರ್ ಹಾಕಿ, ಆಮೇಲೆ ಅವಕ್ಕೆ ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಂಡು ಕೂಡಿದರೆ ಶೇ. 30 ಇದ್ದ ಅನಿಶ್ಚಿತತೆ ಶೇ. 9.5ಕ್ಕೆ ಇಳಿದುಬಿಡುತ್ತದೆ. ಹೊಸದೇನೂ ತಿಳಿದಿಲ್ಲ, ಸುಮ್ನೆ ಸಾಲು ಹೆಚ್ಚಾದವು ಅಷ್ಟೇ. ಅದೇ ಫ್ಯಾಕ್ಟರ್ ಬಳಸಿದ ಸಾಲುಗಳು ಒಟ್ಟಿಗೇ ಮೇಲೆ ಹೋಗುತ್ತವೆ, ಒಟ್ಟಿಗೇ ಕೆಳಗೆ ಬರುತ್ತವೆ. ಶೀಟಿನಲ್ಲಿ ಅವನ್ನು ಒಂದಕ್ಕೊಂದು ಕಟ್ಟಿಹಾಕಲೇಬೇಕು. ಇದೇ ಕಾರಣಕ್ಕೆ ವರ್ಷದಿಂದ ವರ್ಷಕ್ಕೆ ಆದ ಏರಿಳಿತ, ಒಂದು ವರ್ಷದ ಮೊತ್ತಕ್ಕಿಂತ ಎಷ್ಟೋ ಸಲ ಗಟ್ಟಿಯಾಗಿ ತಿಳಿದಿರುತ್ತದೆ. ಹೋಲಿಕೆಗೆ ಹಿಡಿಯುವ 1990ಕ್ಕೂ ಈಗಿನ ವರ್ಷಕ್ಕೂ ಬಳಸಿದ ಒಂದೇ ಫ್ಯಾಕ್ಟರ್ ತಪ್ಪಿದ್ದರೆ, ತಪ್ಪು ಎರಡೂ ಕಡೆ ಒಂದೇ ದಿಕ್ಕಿಗೆ ಇರುತ್ತದೆ. ಶೇಕಡಾವಾರು ಇಳಿಕೆಯನ್ನು ಲೆಕ್ಕ ಹಾಕುವಾಗ ಅದರ ಬಹುಪಾಲು ಹೊಡೆದುಹೋಗುತ್ತದೆ.

ಈಗ ನಿನ್ನ ನಿಜವಾದ ಭಯಕ್ಕೆ ಬರುತ್ತೇನೆ. ಅಳತೆ ಇಲ್ಲದ ಕಡೆ ತಜ್ಞರನ್ನೇ ಕೇಳಬೇಕು. ಕಸದ ಗುಡ್ಡದಲ್ಲಿ ಕೊಳೆಯುವ ವೇಗ, ಹಳೆಯ ಪೈಪುಗಳ ಸೋರಿಕೆ, ಸಗಣಿ ಯಾವ ರೀತಿ ಶೇಖರಿಸುತ್ತಾರೆ ಎಂಬ ಪಾಲು, ಇವೆಲ್ಲ ಜನರ ತಲೆಯಲ್ಲಿ ಇರುವ ತಿಳಿವಳಿಕೆ. ಇದನ್ನು ಕೇಳಿ ಪಡೆಯಲು ಮಾರ್ಗಸೂಚಿಯಲ್ಲಿ ಐದು ಹಂತ ಹೇಳಿದ್ದಾರೆ. ಯಾಕೆ ಕೇಳುತ್ತಿದ್ದೇವೆ ಅಂತ ತಿಳಿಸು. ಏನನ್ನು ಕೇಳುತ್ತಿದ್ದೇವೆ ಅಂತ ಸ್ಪಷ್ಟ ಮಾಡು. ಅವರು ನೋಡಿದ ಎಲ್ಲ ಸಂದರ್ಭಗಳನ್ನೂ ನೆನಪಿಗೆ ತರಿಸು. ಆಮೇಲೆ ಅಂಕಿ ಕೇಳು. ಕೊನೆಗೆ ಅವರು ಹೇಳಿದ್ದನ್ನು ಅವರ ಮುಂದೆಯೇ ಓದಿ ಖಚಿತ ಮಾಡಿಕೋ.

ಇದರಲ್ಲಿ ನಾಲ್ಕನೆಯದು ಸೂಕ್ಷ್ಮ. ಮೊದಲೇ 'ನಿಮ್ಮ ಅಂದಾಜು ಎಷ್ಟು' ಅಂತ ಕೇಳಬೇಡ. ಹಾಗೆ ಕೇಳಿದರೆ ಅವರು ಒಂದು ಅಂಕಿ ಹೇಳಿ ಅದಕ್ಕೇ ಅಂಟಿಕೊಳ್ಳುತ್ತಾರೆ, ವ್ಯಾಪ್ತಿ ಕಿರಿದಾಗುತ್ತದೆ. ಮೊದಲು ಅತಿ ಹೆಚ್ಚು ಎಷ್ಟಾಗಬಹುದು ಅಂತ ಕೇಳು, ಹಾಗಾಗಲು ಏನೇನು ಕೂಡಿಬರಬೇಕು ಅಂತ ಮಾತಾಡಿಸು. ಆಮೇಲೆ ಅತಿ ಕಡಿಮೆ. ಮಧ್ಯದ ಅಂಕಿ ಕಡೆಗೆ. ತಜ್ಞರು ತಮ್ಮ ವ್ಯಾಪ್ತಿಯನ್ನು ಚಿಕ್ಕದಾಗಿ ಹೇಳುವುದೇ ಹೆಚ್ಚು. ದೊಡ್ಡ ವ್ಯಾಪ್ತಿ ಹೇಳಿದರೆ ತಮಗೆ ಕೆಲಸ ಗೊತ್ತಿಲ್ಲ ಅಂದುಕೊಂಡಾರು ಎಂಬ ಅಳುಕು ಅವರಿಗೂ ಇರುತ್ತದೆ. ಆ ಅಳುಕು ಕಳೆಯುವುದು ನಿನ್ನ ಕೈಯಲ್ಲಿದೆ. ಈ ಅಂಕಿ ಯಾರ ಕೆಲಸಕ್ಕೂ ಮಾರ್ಕು ಹಾಕಲ್ಲ, ಮುಂದೆ ಎಲ್ಲಿ ಅಳೆಯಬೇಕು ಅಂತ ಗೊತ್ತಾಗಲು ಬೇಕು ಅಂತ ಬಾಯಿಬಿಟ್ಟು ಹೇಳು. ನಾನು ಇಷ್ಟು ವರ್ಷದಲ್ಲಿ ಕಂಡದ್ದು, ಹೀಗೆ ಕೇಳಿದಾಗ ಯಾರೂ ಸಿಟ್ಟಾಗುವುದಿಲ್ಲ. ಎಷ್ಟೋ ಜನ ಖುಷಿಯಿಂದ ಮಾತಾಡುತ್ತಾರೆ. ಅವರ ಕಷ್ಟವನ್ನು ಯಾರೂ ಕೂತು ಕೇಳಿರುವುದಿಲ್ಲ.

ಭಾಷೆಯ ವಿಷಯ ಹೇಳಲೇಬೇಕು. ಆಫೀಸಿನಲ್ಲಿ ಇಂಗ್ಲಿಷಿನಿಂದ ದಿನ ಸಾಗುತ್ತದೆ. ಆದರೆ ಅಂಕಿಅಂಶ ಇಲಾಖೆಯ ಕೋಷ್ಟಕಗಳ ಅಡಿಟಿಪ್ಪಣಿಗಳು ಆ ದೇಶದ ಭಾಷೆಯಲ್ಲಿ ಇರುತ್ತವೆ. ಈ ವರ್ಷದಿಂದ ಸಣ್ಣ ಕಾರ್ಖಾನೆಗಳನ್ನು ಬಿಟ್ಟಿದ್ದೇವೆ, ಸಮೀಕ್ಷೆಯ ತಿಂಗಳು ಬದಲಾಗಿದೆ ಎಂಬಂಥ ಮಾತುಗಳು ಅಲ್ಲೇ ಅಡಗಿರುತ್ತವೆ. ಅನಿಶ್ಚಿತತೆ ಹುಟ್ಟುವ ಜಾಗವೇ ಅದು. ಭಾಷೆ ಕಲಿಯಲು ತರಗತಿಗೆ ಸೇರು, ಜೊತೆಗೆ ದಿನಕ್ಕೊಂದು ಅಡಿಟಿಪ್ಪಣಿ ಓದು. ಫೋನಿನಲ್ಲಿ ಇಲಾಖೆಯವರ ಹತ್ತಿರ ಅವರ ಭಾಷೆಯಲ್ಲೇ ಒಂದು ಪ್ರಶ್ನೆ ಕೇಳುವಷ್ಟು ಬಂದ ದಿನ, ಇದು ಪರದೇಶ ಎಂಬ ಭಾವ ಅರ್ಧ ಕಡಿಮೆಯಾಗುತ್ತದೆ. ಒಂಟಿತನಕ್ಕೆ ನಾನು ಕಂಡ ಔಷಧಿ ಇದೊಂದೇ.

ಮುಂದೆ ಒಂದು ದಿನ ಮೇಲಿನವರು ಯಾರೋ ಕರೆದು, ಈ ಶೇಕಡಾ ಸ್ವಲ್ಪ ಜಾಸ್ತಿ ಕಾಣುತ್ತಲ್ಲ, ಕಡಿಮೆ ಮಾಡೋಕಾಗುತ್ತಾ ಅನ್ನಬಹುದು. ಹೊಸ ಅಳತೆ ಬಂದಿದ್ದರೆ ಖಂಡಿತ ಮಾಡು. ಇಲ್ಲದಿದ್ದರೆ ಆಗಲ್ಲ ಅನ್ನು. ವೀಸಾ ನೆನಪಾಗಿ ಗಂಟಲು ಒಣಗುತ್ತದೆ, ಗೊತ್ತು. ಅದಕ್ಕೇ ಪ್ರತಿ ಅಂಕಿಯ ಪಕ್ಕ ಯಾರು ಹೇಳಿದರು, ಯಾವಾಗ, ಯಾವ ಆಧಾರದ ಮೇಲೆ ಅಂತ ಮೊದಲ ದಿನದಿಂದ ಬರೆದಿಟ್ಟುಕೋ. ಆಗ ಉತ್ತರ ಫೈಲು ಕೊಡುತ್ತದೆ. ವರದಿಯನ್ನು ಬೇರೆ ದೇಶಗಳ ತಜ್ಞರು ಪರಿಶೀಲಿಸುತ್ತಾರೆ. ಅವರು ಹುಡುಕುವುದೂ ಇದನ್ನೇ. ದೊಡ್ಡ ವ್ಯಾಪ್ತಿಗೆ ಕಾರಣ ಬರೆದಿದ್ದರೆ ಮುಂದೆ ಹೋಗುತ್ತಾರೆ, ಕಾರಣವಿಲ್ಲದ ಸಣ್ಣ ವ್ಯಾಪ್ತಿ ಕಂಡರೆ ನಿಲ್ಲುತ್ತಾರೆ.

ಗಾಳಿಯಲ್ಲಿರುವ ಅನಿಲವನ್ನೇ ಅಳೆದು ನೋಡುವ ದಾರಿಯೂ ಇದೆ. ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್ ಹಾಗೆ ಅಳೆದು ತಮ್ಮ ಇನ್ವೆಂಟರಿಯ ಜೊತೆ ಹೋಲಿಸುತ್ತವೆ. ನಿಮ್ಮಲ್ಲಿ ಅಂಥ ತಂಡ ಇದ್ದರೆ ಪರಿಚಯ ಮಾಡಿಕೋ. ಅವರ ಅಂದಾಜಿಗೂ ತನ್ನದೇ ವ್ಯಾಪ್ತಿ ಇರುತ್ತದೆ, ಅದನ್ನೂ ಕೇಳು.

ಪರಿಶೀಲಕರ ತರಬೇತಿ ಮತ್ತು ಪರೀಕ್ಷೆ ವಿಶ್ವಸಂಸ್ಥೆಯ ಹವಾಮಾನ ಕಚೇರಿ ನಡೆಸುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಅದನ್ನು ಬರೆ. ಪರಿಶೀಲಕರ ಪಟ್ಟಿಗೆ ಸರ್ಕಾರವೇ ಹೆಸರು ಸೂಚಿಸಬೇಕು, ಹಾಗಾಗಿ ಈಗಿನಿಂದಲೇ ನಿನ್ನ ಮೇಲಧಿಕಾರಿಯ ಕಿವಿಗೆ ಹಾಕಿಡು. ಅಲ್ಲಿಯವರೆಗೆ ಶೀಟಿನಲ್ಲಿ ಯಾವ ಸಾಲು ಅರ್ಥವಾಗದಿದ್ದರೂ ನನಗೆ ಬರೆ. ಮಣ್ಣಿನ ಸಾಲಾದರೆ ಇನ್ನೂ ಖುಷಿ.