ಕ್ಯಾಂಪರ್ ವ್ಯಾನಿಗೆ ಇಲಿ, ಜಿರಳೆ, ಉಣುಗು ಬಾರದಂತೆ ಏನು ಮಾಡಲಿ?

ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಒಳಗೆ ಹಾಸಿಗೆ, ಪುಟ್ಟ ಅಡುಗೆ ಕಟ್ಟೆ, ಸಿಂಕ್ ಮಾಡಿಸಿದ್ದೇವೆ. ಮಳೆಗಾಲ ಪೂರ್ತಿ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿತ್ತು. ದಸರಾ ರಜೆಗೆ ಹೊರಡೋಣ ಅಂತ ಬಾಗಿಲು ತೆಗೆದರೆ ಎಲ್ಲೆಲ್ಲೂ ಇಲಿ ಹಿಕ್ಕೆ. ಹಾಸಿಗೆಯ ಸ್ಪಂಜ್ ಕಿತ್ತು ಹಾಕಿವೆ, ಲೈಟ್ ಉರಿಯುತ್ತಿಲ್ಲ. ಮೆಕ್ಯಾನಿಕ್ ವೈರ್ ಬದಲಿಸಿಕೊಟ್ಟ. ಹದಿನೈದೇ ದಿನಕ್ಕೆ ಮತ್ತೆ ಅದೇ ಕಥೆ. ಇಲಿ ಪಾಷಾಣ ಇಡಬಹುದಾ? – ಮೈಸೂರಿನ ಓದುಗರು

ಪಾಷಾಣ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ಇಲಿ ಕೇಕುಗಳಲ್ಲಿ ಹೆಚ್ಚಿನವು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವಂಥವು. ತಿಂದ ಇಲಿ ಸಾಯಲು ಮೂರು-ನಾಲ್ಕು ದಿನವಾದರೂ ಬೇಕು. ಅಷ್ಟರಲ್ಲಿ ಅದು ನಿಮ್ಮ ವ್ಯಾನಿನ ತಗಡಿಗೂ ಪ್ಲೈವುಡ್‌ಗೂ ನಡುವಿನ ಸಂದಿಗೆ ಹೋಗಿ ಮಲಗಿರುತ್ತದೆ. ಮನೆಯಲ್ಲಾದರೆ ಪಕ್ಕದ ಕೋಣೆಗೆ ಹೋಗಬಹುದು. ವ್ಯಾನಿನಲ್ಲಿ ಇರುವುದೇ ಒಂದು ಕೋಣೆ. ವಾಸನೆ ತಡೆಯಲಾರದೆ ಒಳಗಿನ ಪ್ಯಾನೆಲ್ ಎಲ್ಲ ಬಿಚ್ಚಿಸಿದವರನ್ನು ನೋಡಿದ್ದೇನೆ.

ನಿಮ್ಮ ಮೆಕ್ಯಾನಿಕ್ ವೈರ್ ಸರಿ ಮಾಡಿದ, ಇಲಿ ಬಂದ ದಾರಿ ಹುಡುಕಲಿಲ್ಲ. ಅದು ಅವನ ಕೆಲಸವೂ ಅಲ್ಲ ಬಿಡಿ. ಆದರೆ ದಾರಿ ಮುಚ್ಚದೆ ಬೇರೆ ಏನು ಮಾಡಿದರೂ ದುಡ್ಡು ದಂಡ. ಸುಂಡಿಲಿಗೆ 6 ಮಿಲಿಮೀಟರ್ ತೂತು ಸಾಕು. ಒಂದು ಪೆನ್ಸಿಲ್ ತೂರಿದರೆ ಸುಂಡಿಲಿಯೂ ತೂರಿತು ಅಂತಲೇ ಲೆಕ್ಕ. ದೊಡ್ಡ ಇಲಿಗೆ 12 ಮಿಲಿಮೀಟರ್ ಬೇಕು.

ಹುಡುಕುವುದು ಹೇಗೆ? ಕತ್ತಲಾದ ಮೇಲೆ ವ್ಯಾನಿನೊಳಗೆ ಒಳ್ಳೆ ಬೆಳಕಿನ ಟಾರ್ಚ್ ಹಿಡಿದು ಒಬ್ಬರು ಸಿಂಕಿನ ಕೆಳಗೆ, ಸೀಟಿನ ಕೆಳಗೆ, ಬ್ಯಾಟರಿ ಪೆಟ್ಟಿಗೆಯ ಹಿಂದೆ ಬೆಳಕು ಬಿಡುತ್ತಾ ಹೋಗಲಿ. ಇನ್ನೊಬ್ಬರು ಹೊರಗೆ ಚಾಪೆ ಹಾಸಿಕೊಂಡು ವ್ಯಾನಿನ ಅಡಿಗೆ ಕಣ್ಣು ಹಾಯಿಸಲಿ. ಎಲ್ಲೆಲ್ಲಿ ಬೆಳಕು ಸೋರುತ್ತದೋ ಅಲ್ಲಲ್ಲಿ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ನಿಮ್ಮಂತೆ ಆಮೇಲೆ ಕೆಲಸ ಮಾಡಿಸಿದ ಗಾಡಿಗಳಲ್ಲಿ ಕಳ್ಳದಾರಿ ಸಿಗುವುದು ಮುಖ್ಯವಾಗಿ ಮೂರು ಕಡೆ. ಸಿಂಕಿನ ನೀರು ಹೊರಹೋಗುವ ಪೈಪು, ನೀರಿನ ಟ್ಯಾಂಕಿನ ಪೈಪು, ಹೊರಗಿನಿಂದ ಕರೆಂಟ್ ಎಳೆದುಕೊಳ್ಳುವ ವೈರು. ಬಡಗಿ ಒಂದಿಂಚಿನ ಪೈಪಿಗೆ ಎರಡಿಂಚು ತೂತು ಕೊರೆದಿರುತ್ತಾನೆ. ಒಳಗಿನಿಂದ ನೋಡಿದರೆ ಅಂದವಾಗಿಯೇ ಕಾಣುತ್ತದೆ!

ಮುಚ್ಚಲು ಬರೀ ಫೋಮ್ ಸ್ಪ್ರೇ ನಂಬಬೇಡಿ. ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿಯುವುದು ಅದಕ್ಕೆ ಅನಿವಾರ್ಯ. ಒಣ ಫೋಮ್ ಅದಕ್ಕೆ ರಸ್ಕ್ ಇದ್ದಂತೆ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ, ಮೇಲೆ ಸಿಲಿಕಾನ್ ಬಳಿಯಿರಿ. ಚಕ್ರದ ನೀರು ಎರಚುವ ಜಾಗವಾದರೆ ತಾಮ್ರದ ಜಾಲರಿ ಒಳ್ಳೆಯದು, ತುಕ್ಕು ಹಿಡಿಯುವುದಿಲ್ಲ. ಹೆಬ್ಬೆರಳಿಗಿಂತ ದೊಡ್ಡ ತೂತಿಗೆ ತಗಡು ಹಾಕಿ ರಿವೆಟ್ ಹೊಡೆಸಿ. ಒಂದು ಎಚ್ಚರಿಕೆ. ಬಾಗಿಲಿನ ತಳದಲ್ಲಿ ಮಳೆನೀರು ಇಳಿಯಲು ಕಂಪನಿಯವರೇ ಬಿಟ್ಟ ತೂತುಗಳಿರುತ್ತವೆ. ಅವನ್ನು ಮುಚ್ಚಿದರೆ ಬಾಗಿಲು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಎಂಜಿನ್ ಕಡೆ ಗಾಳಿ ಎಳೆಯುವ ಜಾಗವನ್ನೂ ಮುಚ್ಚಬಾರದು, ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಸಾಕು.

ಇನ್ನು ನಿಲ್ಲಿಸುವ ಜಾಗ. ಖಾಲಿ ಸೈಟು ಅಂದರೆ ಅಕ್ಕಪಕ್ಕದವರ ಕಸ, ಆಳೆತ್ತರದ ಪಾರ್ಥೇನಿಯಂ, ಹೆಗ್ಗಣದ ಬಿಲ. ಆಗುವುದಾದರೆ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ಗೋಡೆಯಿಂದ ಎರಡು ಅಡಿ ದೂರವಿರಲಿ, ಮರದ ಕೊಂಬೆ ತಾಗದಿರಲಿ. ಕಪ್ಪು ಇಲಿ ಕೊಂಬೆ ಹಿಡಿದು ಸಲೀಸಾಗಿ ಇಳಿಯುತ್ತದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಒಂದು ಸುತ್ತು ಹೊಡೆಯಿರಿ. ನಿಲ್ಲಿಸುವ ಮೊದಲು ತಿನ್ನುವ ಪದಾರ್ಥ ಒಂದೂ ಒಳಗಿರಬಾರದು. ಅಕ್ಕಿ, ಬೇಳೆ ಇರಲಿ, ಸೋಪನ್ನೂ ಇಲಿ ಬಿಡುವುದಿಲ್ಲ.

ಒಳಗೆ ಈಗಾಗಲೇ ಇರುವ ಇಲಿಗೆ ಹಳೇ ಕಾಲದ ಬೋನೇ ಸರಿ. ಕೊಬ್ಬರಿ ಚೂರನ್ನು ಸ್ವಲ್ಪ ಸುಟ್ಟು ಕಟ್ಟಿ, ಗೋಡೆಯ ಅಂಚಿಗೆ ಇಡಿ. ಇಲಿ ನಡುಮನೆಯಲ್ಲಿ ಓಡಾಡುವುದಿಲ್ಲ, ಗೋಡೆ ಸವರಿಕೊಂಡೇ ಹೋಗುತ್ತದೆ. ಹೊಗೆಸೊಪ್ಪು, ಕರ್ಪೂರ, ಪುದೀನ ಎಣ್ಣೆ ಎಲ್ಲ ನಾಲ್ಕು ದಿನದ ಆಟ. ಇನ್ನು ನಮ್ಮ ಕಿವಿಗೆ ಕೇಳದ ಶಬ್ದ ಮಾಡಿ ಇಲಿ ಓಡಿಸುವ ಯಂತ್ರ. 2001ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥವುಗಳ ತಯಾರಕರಿಗೂ ಮಾರಾಟಗಾರರಿಗೂ ಎಚ್ಚರಿಕೆ ಪತ್ರ ಬರೆದಿತ್ತು. ನೀವು ಹೇಳಿಕೊಳ್ಳುವುದಕ್ಕೆ ವಿಜ್ಞಾನದ ಆಧಾರ ಬೇಕು ಅನ್ನುವುದು ಅದರ ಸಾರ. ಇಲ್ಲಿ ಇನ್ನೂ ಅವು ಭರ್ಜರಿಯಾಗಿ ಮಾರಾಟವಾಗುತ್ತಿವೆ.

ಹಿಕ್ಕೆಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ. ಇಲಿ ಜ್ವರ ಹರಡುವುದೇ ಇಲಿಯ ಮೂತ್ರದಿಂದ, ಕೈಕಾಲಿನ ಸಣ್ಣ ಗಾಯ ಸಾಕು. ಗ್ಲೌಸ್ ಹಾಕಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು ಪೇಪರಿನಲ್ಲಿ ಒರೆಸಿ ತೆಗೆಯಿರಿ. ಆ ಸ್ಪಂಜ್ ಹಾಸಿಗೆಯ ಆಸೆ ಬಿಟ್ಟುಬಿಡಿ.

ಡಿಸೆಂಬರಿನಲ್ಲಿ ಸಾಗರ, ತೀರ್ಥಹಳ್ಳಿ ಕಡೆ ವ್ಯಾನಿನಲ್ಲಿ ಹೋಗಿ ನಾಲ್ಕು ದಿನ ಇರುವ ಯೋಚನೆ. ರಾತ್ರಿ ಒಳಗೆ ಸೊಳ್ಳೆ ಕಾಯಿಲ್ ಹಚ್ಚಬಹುದಾ? ಇಂಬಳ, ಉಣ್ಣೆ (ಉಣುಗು) ಅಂದರೆ ಮನೆಯವರಿಗೆ ಹೆದರಿಕೆ. ಜೊತೆಗೆ ನಾಯಿಯೂ ಬರುತ್ತದೆ. – ಬೆಂಗಳೂರಿನ ಓದುಗರು

ಕಾಯಿಲ್ ಖಂಡಿತ ಬೇಡ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿದೆ. ಮುಚ್ಚಿದ ವ್ಯಾನಿನಲ್ಲಿ, ಅದೂ ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಅದನ್ನು ಹಚ್ಚುವುದಾ? ಕಿಟಕಿಗೆ ಬಿಗಿಯಾದ ಮೆಷ್, ಜಾರು ಬಾಗಿಲಿಗೆ ಮ್ಯಾಗ್ನೆಟ್‌ನಿಂದ ತಾನೇ ಮುಚ್ಚಿಕೊಳ್ಳುವ ಪರದೆ ಹಾಕಿಸಿ. ಸಂಜೆ ಬಾಗಿಲು ತೆರೆದಿರುವಾಗ ಬಿಳಿ ಲೈಟ್ ಆರಿಸಿ ಹಳದಿ ಲೈಟ್ ಹಾಕಿ, ಹುಳ ಕಡಿಮೆ ಬರುತ್ತವೆ. ಪಾತ್ರೆ ತೊಳೆದ ನೀರು ನಿಲ್ಲುವ ಟ್ಯಾಂಕಿನ ಬಾಯಿಗೂ ಮೆಷ್ ಇರಲಿ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಊರಿಗೆ ಬಂದ ಮೇಲೂ ಅದನ್ನು ಖಾಲಿ ಮಾಡದವರೇ ಜಾಸ್ತಿ.

ಇಂಬಳ ಮಳೆಗಾಲದ ಕಾಟ. ಡಿಸೆಂಬರಿಗೆ ಅದು ಅಡಗಿರುತ್ತದೆ, ಉಣುಗಿನ ಕಾಲ ಶುರುವಾಗಿರುತ್ತದೆ. ನೀವು ಹೇಳಿದ ಸೀಮೆ ಮಂಗನ ಕಾಯಿಲೆಯ ಸೀಮೆ ಅನ್ನುವುದು ನೆನಪಿರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಈ ರೋಗ ಪತ್ತೆಯಾಯಿತು. ಡಿಸೆಂಬರಿನಿಂದ ಮೇ ತನಕ ಹೆಚ್ಚು. ಹರಡುವುದು ಮುಖ್ಯವಾಗಿ ಮರಿ ಉಣುಗುಗಳಿಂದ. ಎಳ್ಳಿನ ಕಾಳಿಗಿಂತ ಸಣ್ಣವು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಹೆದರಿ ಹೋಗುವುದನ್ನೇ ಬಿಡಬೇಕಾಗಿಲ್ಲ, ಆ ಊರುಗಳಲ್ಲಿ ಜನ ಬಾಳುತ್ತಿದ್ದಾರಲ್ಲ. ಆದರೆ ದರಗು ಬಿದ್ದ ಮರದಡಿ ವ್ಯಾನ್ ನಿಲ್ಲಿಸಬೇಡಿ, ಅಂಗಳವೋ ಬಯಲೋ ನೋಡಿಕೊಳ್ಳಿ. ಮಂಗ ಸತ್ತಿದೆ ಅಂತ ಊರವರು ಹೇಳಿದ ಕಡೆ ಕಾಲಿಡಬೇಡಿ. ಕಾಡಿಗೆ ಹೋಗುವವರಿಗೆ ಅಲ್ಲಿನ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೊಡುತ್ತಾರೆ, ಕೇಳಿ ಪಡೆದು ಕೈಕಾಲಿಗೆ ಹಚ್ಚಿಕೊಳ್ಳಿ.

ತಿರುಗಾಡಿ ಬಂದವರು ಬೂಟು, ಪ್ಯಾಂಟು ಹೊರಗೇ ಕಳಚಿ, ಮುಚ್ಚಳವಿರುವ ಬಕೆಟ್ಟಿಗೆ ಹಾಕಿ ಒಳಗೆ ಬರಲಿ. ಬಟ್ಟೆಯನ್ನು ಆಮೇಲೆ ಬಿಸಿನೀರಿನಲ್ಲಿ ನೆನೆಸಿ. ನಾಯಿಯ ಕಿವಿ, ಕಾಲ್ಬೆರಳ ಸಂದಿ, ಪಟ್ಟಿಯ ಅಡಿ ದಿನಾ ನೋಡಬೇಕು. ಅದನ್ನು ನಿಮ್ಮ ಹಾಸಿಗೆ ಮೇಲೆ ಮಲಗಿಸಬೇಡಿ ಅಂದರೆ ನೀವು ಕೇಳುವುದಿಲ್ಲ, ಗೊತ್ತು. ಹೊರಡುವ ಮೊದಲೇ ಪಶುವೈದ್ಯರ ಹತ್ತಿರ ಉಣ್ಣೆಗೆ ಔಷಧಿ ಹಾಕಿಸಿ. ವಾಪಸಾದ ಎರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಯಾವ ಊರಿಗೆ ಹೋಗಿದ್ದಿರಿ ಅನ್ನುವುದನ್ನು.

ವ್ಯಾನ್ ಹೊಸದು, ಒಂದು ಜಿರಳೆಯೂ ಇರಲಿಲ್ಲ. ಎರಡು ಟ್ರಿಪ್ ಆದ ಮೇಲೆ ಸಣ್ಣ ಕಂದು ಜಿರಳೆ ತುಂಬಿಕೊಂಡಿವೆ. ಸ್ಪ್ರೇ ಹೊಡೆದಷ್ಟೂ ಬರುತ್ತಿವೆ. – ಹುಬ್ಬಳ್ಳಿಯ ಓದುಗರು

ಅವು ಬಂದದ್ದು ಹೆಚ್ಚಾಗಿ ರಟ್ಟಿನ ಡಬ್ಬದಲ್ಲಿ. ಕಿರಾಣಿ ಅಂಗಡಿಯ ಬಾಕ್ಸು, ನೀರಿನ ಬಾಟಲಿ ಕೇಸು. ಈ ಜರ್ಮನ್ ಜಿರಳೆಯ ಒಂದೊಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ. ಸ್ಪ್ರೇ ಎದುರಿಗೆ ಸಿಕ್ಕವನ್ನು ಕೊಲ್ಲುತ್ತದೆ, ಉಳಿದವು ಇನ್ನೂ ಒಳಗೆ ಹೋಗುತ್ತವೆ. ಜಿರಳೆ ತಿಂದು ಸಾಯುವ ಜೆಲ್ ತನ್ನಿ. ಫ್ರಿಜ್‌ನ ಹಿಂದೆ, ಸಿಂಕಿನ ಕೆಳಗೆ, ಕಪಾಟಿನ ಕೀಲುಗಳ ಹತ್ತಿರ ಹೆಸರುಕಾಳಿನಷ್ಟು ಚುಕ್ಕೆ ಇಡಿ. ಆ ಮೇಲೆ ಸ್ಪ್ರೇ ಮುಟ್ಟಬೇಡಿ, ಅದರ ವಾಸನೆ ತಾಗಿದ ಜೆಲ್ಲನ್ನು ಜಿರಳೆ ತಿನ್ನುವುದಿಲ್ಲ. ಎರಡು ವಾರ ಬಿಟ್ಟು ಇನ್ನೊಮ್ಮೆ ಇಡಿ. ಇನ್ನು ಮುಂದೆ ರಟ್ಟಿನ ಡಬ್ಬ ವ್ಯಾನಿನ ಹೊರಗೇ ಖಾಲಿಯಾಗಲಿ. ನುಸಿ ಗುಳಿಗೆಯನ್ನಂತೂ ಮಲಗುವ ವ್ಯಾನಿನಲ್ಲಿ ಇಡಬೇಡಿ, ಅದರ ಹೊಗೆ ಮಕ್ಕಳಿಗೆ ಅಪಾಯ.

ನಾವು ಪೆನ್ಸಿಲ್ವೇನಿಯಾದಲ್ಲಿದ್ದೇವೆ. ಸೆಕೆಂಡ್ ಹ್ಯಾಂಡ್ ಆರ್‌ವಿ (ಮನೆಯಂಥ ದೊಡ್ಡ ವ್ಯಾನ್) ತಗೊಂಡೆವು. ಮೊದಲ ಚಳಿಗೆ ಒಳಗೆ ಬೆಚ್ಚಗಿಡುವ ಫರ್ನೇಸ್ ಹೊತ್ತಲಿಲ್ಲ. ಬಿಚ್ಚಿದರೆ ಒಳಗೆ ಮಣ್ಣಿನ ಗೂಡು! ಬೇರೆ ಏನೇನು ನೋಡಬೇಕು? – ಅಮೆರಿಕದ ಓದುಗರು

ಊರಲ್ಲಿ ಕಿಟಕಿ ಮೂಲೆಗೆ ಮಣ್ಣು ಮೆತ್ತುವ ಕುಂಬಾರ ಹುಳ ನೋಡಿದ್ದೀರಲ್ಲ, ಅದರ ಸಂಬಂಧಿಯೇ ಇದೂ. ಫರ್ನೇಸ್, ವಾಟರ್ ಹೀಟರ್, ಫ್ರಿಜ್ ಮೂರರ ಹೊರಬಾಯಿಗೂ ಜಾಲರಿ ಸಿಗುತ್ತದೆ. ಆದರೆ ಹೊಗೆ ಹೋಗುವ ಬಾಯಿಗೆ ಹಾಕುವ ಮೊದಲು ಆ ಯಂತ್ರದ ಕೈಪಿಡಿ ಓದಿ, ಕೆಲವು ತಯಾರಕರು ಹಾಕಬೇಡಿ ಅನ್ನುತ್ತಾರೆ. ಹೊಗೆ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬುತ್ತದೆ. ಅದರ ಅಲಾರಂ ಕೆಲಸ ಮಾಡುತ್ತಿದೆಯಾ ಅಂತ ಇವತ್ತೇ ಒತ್ತಿ ನೋಡಿ. ಜೇಡಗಳನ್ನೂ ಹಗುರವಾಗಿ ಕಾಣಬೇಡಿ. ಪೆಟ್ರೋಲ್ ಟ್ಯಾಂಕಿನ ಗಾಳಿಕೊಳವೆಯಲ್ಲಿ ಜೇಡ ಬಲೆ ಕಟ್ಟುತ್ತದೆ ಅನ್ನುವ ಕಾರಣಕ್ಕೇ ಮಾಜ್ದಾ ಕಂಪನಿ 2011ರಲ್ಲಿ ಅಮೆರಿಕದಲ್ಲಿ ಸುಮಾರು 52,000 ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು.

ಇಲಿಯ ವಿಷಯಕ್ಕೆ ಮೈಸೂರಿನವರಿಗೆ ಹೇಳಿದ್ದೇ ನಿಮಗೂ. ಅಲ್ಲಿನ ಡೀರ್ ಮೌಸ್ ಎಂಬ ಸಣ್ಣ ಇಲಿ ಹಂಟಾ ವೈರಸ್ ಹೊತ್ತಿರಬಹುದು, ಧೂಳಿನ ಜೊತೆ ಉಸಿರಿಗೆ ಹೋದರೆ ಪ್ರಾಣಕ್ಕೇ ಅಪಾಯ. ಒರೆಸುವ ಮೊದಲು ಅರ್ಧ ಗಂಟೆ ಬಾಗಿಲು, ಕಿಟಕಿ ತೆರೆದಿಟ್ಟು ನೀವು ಹೊರಗಿರಿ.

ನಿಮ್ಮ ರಾಜ್ಯಕ್ಕೇ ವಿಶೇಷವಾದದ್ದು ಇನ್ನೊಂದಿದೆ. 2014ರಲ್ಲಿ ಅಲ್ಲಿನ ಬರ್ಕ್ಸ್ ಕೌಂಟಿಯಲ್ಲಿ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಅಮೆರಿಕದಲ್ಲೇ ಮೊದಲ ಬಾರಿ ಸಿಕ್ಕಿತು. ದ್ರಾಕ್ಷಿ ಬಳ್ಳಿಯ ರಸ ಹೀರುವ ಹುಳ. ಅದು ನಿಮ್ಮ ಆರ್‌ವಿಗೆ ಏನೂ ಮಾಡುವುದಿಲ್ಲ, ನಿಮ್ಮ ಆರ್‌ವಿ ಹತ್ತಿ ಬೇರೆ ಊರಿಗೆ ಹೋಗುತ್ತದೆ. ಸೆಪ್ಟೆಂಬರಿನಿಂದ ಚಕ್ರದ ಮೇಲಿನ ಕಮಾನು, ಏಣಿ, ಮಡಚುವ ಚಪ್ಪರದ ಅಡಿ ಹೀಗೆ ಎಲ್ಲೆಂದರಲ್ಲಿ ಮೊಟ್ಟೆ ಇಡುತ್ತದೆ. ನೋಡಲು ಒಣಗಿದ ಬೂದು ಮಣ್ಣು ಮೆತ್ತಿದ ಹಾಗೆ, ಒಂದೊಂದರಲ್ಲಿ 30ರಿಂದ 50 ಮೊಟ್ಟೆ. ಹಳೇ ಎಟಿಎಂ ಕಾರ್ಡಿನಲ್ಲಿ ಕೆರೆದು ಸ್ಯಾನಿಟೈಸರ್ ತುಂಬಿದ ಜಿಪ್ ಚೀಲಕ್ಕೆ ಹಾಕಿ. ಸೌದೆಯಲ್ಲೂ ಮೊಟ್ಟೆ ಇರಬಹುದು, ಕ್ಯಾಂಪಿನಲ್ಲಿ ಉಳಿದದ್ದನ್ನು ಅಲ್ಲಿಯೇ ಬಿಟ್ಟು ಬನ್ನಿ.