‘ಡೈವೋರ್ಸ್ ಇಟಾಲಿಯನ್ ಸ್ಟೈಲ್’ ಚಿತ್ರದಲ್ಲಿ ಗಂಡನೇ ಹೆಂಡತಿಗೆ ಪ್ರಿಯಕರನನ್ನು ಹುಡುಕುವುದೇಕೆ?

ವಿಚ್ಛೇದನ ಸಿಗುತ್ತಿರಲಿಲ್ಲ, ಅದಕ್ಕೆ. ಪಿಯೆತ್ರೊ ಜೆರ್ಮಿಯ ಈ ಚಿತ್ರ ಬಂದದ್ದು 1961ರಲ್ಲಿ. ಇಟಲಿಗೆ ವಿಚ್ಛೇದನ ಕಾನೂನು ಬಂದದ್ದು 1970ರಲ್ಲಿ. ಆದರೆ ಅಲ್ಲಿನ ದಂಡಸಂಹಿತೆಯಲ್ಲಿ 587ನೇ ವಿಧಿ ಇತ್ತು: ಹೆಂಡತಿಯ ಅಕ್ರಮ ಸಂಬಂಧ ಬಯಲಾದ ಗಳಿಗೆಯ ಸಿಟ್ಟಿನಲ್ಲಿ, ಮಾನ ಹೋಯಿತೆಂದು ಕೊಂದವನಿಗೆ 3ರಿಂದ 7 ವರ್ಷ ಜೈಲು, ಅಷ್ಟೇ.

ಹದಿಹರೆಯದ ಆಂಜೆಲಾಳಿಗೆ ಮನಸೋತ ಸಿಸಿಲಿಯ ಬ್ಯಾರನ್ ಫೆಫೆ (ಮಾರ್ಚೆಲ್ಲೊ ಮಾಸ್ಟ್ರೊಯಾನಿ) ಈ ರಿಯಾಯಿತಿಯನ್ನೇ ನೆಚ್ಚಿಕೊಳ್ಳುತ್ತಾನೆ. ಹೆಂಡತಿ ರೊಸಾಲಿಯಾಳ ಹಳೆಯ ಪ್ರೇಮಿ, ಚಿತ್ರಕಾರ ಕಾರ್ಮೆಲೊನನ್ನು ಮನೆಗೇ ಕರೆಸಿ ಟೇಪ್ ರೆಕಾರ್ಡರ್ ಬಚ್ಚಿಡುತ್ತಾನೆ. ಮುಖ್ಯ ಮಾತು ಬರುವ ಹೊತ್ತಿಗೇ ಟೇಪ್ ಮುಗಿಯುತ್ತದೆ! ಆಮೇಲೆ ಅವರಿಬ್ಬರೂ ಓಡಿಹೋಗುತ್ತಾರೆ. ‘ಆ ಗಳಿಗೆಯ ಸಿಟ್ಟು’ ಎಂಬ ನೆಪವೂ ಕೈತಪ್ಪುತ್ತದೆ. ಮಾನ ಹೋಯಿತೆಂದು ತೋರಿಸಲು ಇನ್ನು ಅವನಿಗೆ ಬೇಕಾದದ್ದು ಊರವರ ಲೇವಡಿ. ಅದನ್ನು ಅವನು ಜೋಪಾನವಾಗಿ ಕೂಡಿಡುವ ಭಾಗವೇ, ನನ್ನ ಮಟ್ಟಿಗೆ, ಚಿತ್ರದ ಅತಿ ಕಟುವಾದ ಹಾಸ್ಯ. 587ನೇ ವಿಧಿ ರದ್ದಾದದ್ದು 1981ರಲ್ಲಿ.