ಪಕ್ಕದ ಗಾಣ ಕೊಂಡರೆ ಅದು ಬೆಳವಣಿಗೆಯಾ?

ಅಣ್ಣಾ, ತಿಪಟೂರಿನ ನಿಮ್ಮ ಎಣ್ಣೆ ಗಾಣದ ಜೊತೆಗೆ ಪಕ್ಕದವರದ್ದನ್ನೂ ಕೊಳ್ಳಬೇಕಾ, ಇರುವುದನ್ನೇ ಬೆಳೆಸಬೇಕಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ, ಸದ್ಯಕ್ಕೆ ಇರುವುದನ್ನೇ ಬೆಳೆಸಿ. ವಹಿವಾಟು 40 ಲಕ್ಷದಿಂದ 60 ಲಕ್ಷಕ್ಕೆ ಏರಿ, ಅದರಲ್ಲಿ 15 ಲಕ್ಷ ಕೊಂಡ ಗಾಣದ್ದೇ ಆದರೆ, ನಿಮ್ಮ ಸ್ವಂತ ಬೆಳವಣಿಗೆ ಬರೀ 5 ಲಕ್ಷ. ಅಂದರೆ ಶೇ. 12.5. ಕೊಬ್ಬರಿ ರೇಟು ಏರಿದ ವರ್ಷ ಅದೂ ಸುಮ್ನೆ ಉಬ್ಬಿರುತ್ತದೆ. ಹಾಗಾಗಿ ರೂಪಾಯಿ ಬಿಟ್ಟು, ಎಷ್ಟು ಲೀಟರ್ ಮಾರಿದಿರಿ ನೋಡಿ.

ಗಾಣ ದಿನಕ್ಕೆ ಎಷ್ಟು ಗಂಟೆ ಸುಮ್ನೆ ನಿಲ್ಲುತ್ತದೆ ಅಂತ ಬರೆದಿಡಿ. ಹಿಂಡಿಯನ್ನು ಹಿಸುಕಿ ನೋಡಿ. ಕೈಗೆ ಜಿಡ್ಡು ಜಾಸ್ತಿ ಅಂಟಿದರೆ ಅಲ್ಲೇ ದುಡ್ಡು ಸೋರುತ್ತಿದೆ. ಕೊಬ್ಬರಿ ಸರಿಯಾಗಿ ಒಣಗಿದೆಯಾ ಅಂತಲೂ ನೋಡಿ. ಇರುವ ಗಾಣವೇ ಪೂರ್ತಿ ಓಡದಿರುವಾಗ ಇನ್ನೊಂದಕ್ಕೆ ಸಾಲ ಯಾಕೆ, ಅಲ್ವಾ? ಹಗಲೆಲ್ಲ ಓಡಿಸಿಯೂ ಆರ್ಡರ್ ಮಿಕ್ಕುತ್ತಿದ್ದರೆ ಮಾತ್ರ ಪಕ್ಕದವರ ಜೊತೆ ಮಾತಿಗೆ ಕೂರಿ.